ಖಾನ್‌ಬಾಲಿಕ್ಕಿನಿಂದ ಬಂದ ಕಾಗದ

ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಊರಿನ ಕಾಗದದ ಬೆಲೆ ಎಷ್ಟೆಂಬುದನ್ನು ನಾವು ಹೇಳಿ ತಿಳಿಸಬೇಕಾಗಿಲ್ಲ. ಧಾರವಾಡ, ವಿಜಾಪುರ, ಮಂಗಳೂರುಗಳ ಕಡೆಯಿಂದ ಹೊಟ್ಟೆಪಾಡಿಗೆಂದು ಪುಣೆಗೆ ಬಂದ ನಮ್ಮ ಹಿರಿಯರು ಅಂಚೆಯವನ ದಾರಿ ಕಾಯುತ್ತಿದ್ದ ಕಥೆ ಮನೆಮನೆಯಲ್ಲಿಯೂ ಉಂಟು. ಹದಿನೈದು ದಿನ ಕಾಗದ ಬರದಿದ್ದರೆ ಅಜ್ಜಿಗೆ ಅನ್ನ ಸೇರುತ್ತಿರಲಿಲ್ಲ. ಈಗ ಕಿಸೆಯೊಳಗಿನ ಫೋನು ಗಳಿಗೆಗೊಮ್ಮೆ ಸುದ್ದಿ ತರುತ್ತದೆ; ಕಾಯುವ ಕಷ್ಟ ತಪ್ಪಿದೆ.

ಈ ಸಂಚಿಕೆಯಲ್ಲಿ ವಾಚಕರ ಮುಂದಿಡಲು ನಾವು ಆರಿಸಿಕೊಂಡಿರುವುದು ಹನ್ನೆರಡು ವರ್ಷಗಳ ಕಾಲ ತಾಯ್ನಾಡಿನ ಸುದ್ದಿಯೇ ಇಲ್ಲದೆ ಬಾಳಿದ ಒಬ್ಬರ ವೃತ್ತಾಂತವನ್ನು. ಅವರು ಇದ್ದ ಊರು ಚೀನದ ರಾಜಧಾನಿ. ಅವರು ಆ ಊರಿನ ಮೊಟ್ಟಮೊದಲ ಕ್ಯಾಥೊಲಿಕ್ ಆರ್ಚ್‌ಬಿಷಪ್. ಅದೆಲ್ಲಿಯ ಚೀನ, ಅದೆಲ್ಲಿಯ ಪುಣೆ ಎಂದು ಕೇಳಬಹುದು. ಈ ವೃತ್ತಾಂತದ ಒಂದು ಎಳೆ ನಮ್ಮ ಘಟ್ಟ ಇಳಿದರೆ ಸಿಗುವ ಠಾಣೆಯಲ್ಲಿದೆ. ಇನ್ನೊಂದು ಎಳೆ ಪರಊರಿನಲ್ಲಿ ನೆಲೆಸಿದ ನಮ್ಮೆಲ್ಲರ ಮನೆಗಳಲ್ಲಿಯೂ ಇದೆ ಎಂದು ನಮಗೆ ತೋರುತ್ತದೆ.

ಅವರ ಹೆಸರು ಜೊವಾನ್ನಿ. ದಕ್ಷಿಣ ಇಟಲಿಯ ಮೊಂತೆಕೊರ್ವಿನೊ ಎಂಬ ಊರಿನವರಾದ್ದರಿಂದ ಜೊವಾನ್ನಿ ದ ಮೊಂತೆಕೊರ್ವಿನೊ ಎಂದೇ ಚರಿತ್ರೆಯಲ್ಲಿ ಪ್ರಸಿದ್ಧರು. ಸಂತ ಫ್ರಾನ್ಸಿಸನ ಪಂಥದ ಸಂನ್ಯಾಸಿ. ಆಸ್ತಿಯಿಲ್ಲ, ಮನೆಯಿಲ್ಲ, ಹಗ್ಗದ ನಡುಕಟ್ಟಿನ ಒರಟು ನಿಲುವಂಗಿಯೇ ಉಡುಪು. ೧೨೮೯ರಲ್ಲಿ ನಾಲ್ಕನೆಯ ನಿಕೊಲಾಸ್ ಎಂಬ ಪೋಪರು ಮಂಗೋಲರ ಮಹಾಖಾನ ಕುಬ್ಲಾಯಿಗೂ ಇನ್ನಿತರ ಅರಸರಿಗೂ ಪತ್ರಗಳನ್ನು ಬರೆದು ಇವರ ಕೈಯಲ್ಲಿ ಕೊಟ್ಟು ಕಳುಹಿಸಿದರು. ಕುಬ್ಲಾಯಿಯ ರಾಜಧಾನಿಗೆ ಚೀನೀಯರು ದಾದು, ಅಂದರೆ ಮಹಾರಾಜಧಾನಿ ಎನ್ನುತ್ತಿದ್ದರು. ತುರ್ಕಿ ಮಾತಿನವರು ಖಾನ್‌ಬಾಲಿಕ್, ಅಂದರೆ ಖಾನನ ಪಟ್ಟಣ ಎನ್ನುತ್ತಿದ್ದರು. ನಮ್ಮ ಹಿರಿಯರು ಶಾಲೆಯಲ್ಲಿ ಪೀಕಿಂಗ್ ಎಂದು ಕಲಿತ, ನಮ್ಮ ಮಕ್ಕಳು ಬೀಜಿಂಗ್ ಎಂದು ಕಲಿಯುತ್ತಿರುವ ಊರು ಅದೇ.

೧೨೯೧ರಲ್ಲಿ ಜೊವಾನ್ನಿ ಪರ್ಷಿಯದ ತಬ್ರೀಜ್ ಪಟ್ಟಣವನ್ನು ಬಿಟ್ಟು ಭಾರತಕ್ಕೆ ಬಂದರು. ಜೊತೆಗೆ ನಿಕೊಲಾಸ್ ಎಂಬ ಸಂನ್ಯಾಸಿ, ಪೀಟರ್ ಎಂಬ ವ್ಯಾಪಾರಿ. ಸಂತ ತೋಮನ ಇಗರ್ಜಿಯ ಬಳಿ, ಅಂದರೆ ಇಂದಿನ ಚೆನ್ನೈಯ ಮೈಲಾಪುರದ ಕಡೆ, ಅವರು ಹದಿಮೂರು ತಿಂಗಳು ಇದ್ದರು. ನಿಕೊಲಾಸ್ ಅಲ್ಲಿಯೇ ತೀರಿಕೊಂಡರು. ಅವರನ್ನು ಆ ಇಗರ್ಜಿಯಲ್ಲಿಯೇ ಮಣ್ಣುಮಾಡಿದರು. ಆಗ ನಮ್ಮ ನಾಡಿನಲ್ಲಿ ದ್ವಾರಸಮುದ್ರದ ಹೊಯ್ಸಳರ ಆಳಿಕೆ. ಪುಣೆಯ ಈ ಸೀಮೆ ದೇವಗಿರಿಯ ಸೇವುಣರದು.

ಭಾರತದಿಂದ ಜೊವಾನ್ನಿ ಬರೆದ ಒಂದು ಕಾಗದ ಉಳಿದುಬಂದಿದೆ. ಇಲ್ಲಿ ಚಳಿಗಾಲವೇ ಇಲ್ಲ, ವರ್ಷವೆಲ್ಲ ಸೆಕೆ, ಕಡಲಿನ ಗಾಳಿ ಆರು ತಿಂಗಳು ಒಂದು ಕಡೆಯಿಂದ, ಆರು ತಿಂಗಳು ಇನ್ನೊಂದು ಕಡೆಯಿಂದ ಬೀಸುತ್ತದೆ, ಜನರು ಎತ್ತನ್ನು ಪೂಜ್ಯವೆಂದು ಭಾವಿಸುತ್ತಾರೆ, ಇವೆಲ್ಲ ಅದರಲ್ಲಿವೆ. ಮತ್ತೊಂದು ಮಾತೂ ಇದೆ. ಈ ಜನರಿಗೆ ಗ್ರಂಥಗಳಿಲ್ಲ. ಅಕ್ಷರಗಳೇನೋ ಉಂಟು, ಆದರೆ ಅವು ಲೆಕ್ಕ ಬರೆಯುವುದಕ್ಕೆ, ದೇವರ ಮಂತ್ರಗಳನ್ನು ಬರೆಯುವುದಕ್ಕೆ ಮಾತ್ರ. ಅದೂ ಕಾಗದದ ಮೇಲಲ್ಲ, ತಾಳೆಯಂಥ ಮರದ ಎಲೆಯ ಮೇಲೆ ಎಂದು ಅವರು ಬರೆದಿದ್ದಾರೆ!

ವಾಚಕರಿಗೆ ನಗು ಬಂದೀತು. ಜನ್ನನು 'ಯಶೋಧರ ಚರಿತೆ'ಯನ್ನು ಮುಗಿಸಿದ್ದು ೧೨೦೯ರಲ್ಲಿ. ಹರಿಹರ ರಾಘವಾಂಕರು ಆಗಲೇ ಬರೆದು ಹೋಗಿದ್ದರು. ತಮಿಳು ನಾಡಿನ ಸಾಹಿತ್ಯವಂತೂ ಅದಕ್ಕಿಂತ ಎಷ್ಟೋ ಹಳೆಯದು. ಅದೆಲ್ಲವೂ ಇದ್ದದ್ದು ಆ ಎಲೆಗಳ ಮೇಲೆಯೇ. ಎಲೆಯನ್ನು ಕಂಡವರು ಅದರೊಳಗಿನ ಗ್ರಂಥವನ್ನು ಕಾಣಲಿಲ್ಲ. ಇದಕ್ಕಾಗಿ ಅವರನ್ನು ಹಳಿಯುವುದು ಬೇಡ. ದಾರಿಯಲ್ಲಿ ತಂಗಿದವರ ಕಣ್ಣಿಗೆ ಬೀಳುವುದು ಇಷ್ಟೇ. ಪುಣೆಗೆ ಬಂದು ಹತ್ತು ವರ್ಷವಾದರೂ ಜ್ಞಾನೇಶ್ವರ ತುಕಾರಾಮರ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳದವರು ನಮ್ಮಲ್ಲಿಯೂ ಇಲ್ಲವೆ?

ಆದರೆ ಖಾನ್‌ಬಾಲಿಕ್ಕಿಗೆ ಹೋದ ಮೇಲೆ ಇದೇ ಮನುಷ್ಯರು ಬೇರೆಯಾದರು. ಅವರು ಅಲ್ಲಿಗೆ ಮುಟ್ಟುವ ಹೊತ್ತಿಗೆ, ೧೨೯೪ರ ಸುಮಾರಿಗೆ, ಕುಬ್ಲಾಯಿಯ ಕಾಲ ಮುಗಿದಿತ್ತು. ಮೊಮ್ಮಗ ತೆಮೂರನು ಪಟ್ಟಕ್ಕೆ ಬಂದಿದ್ದನು. ಖಾನನು ಇವರನ್ನು ಆದರಿಸಿದನು. ಆದರೆ ಅಲ್ಲಿ ಮೊದಲಿನಿಂದಲೂ ನೆಲೆಸಿದ್ದ ನೆಸ್ಟೋರಿಯನ್ ಪಂಥದ ಕ್ರೈಸ್ತರಿಗೆ ಇವರು ಬಂದದ್ದು ಸರಿಬರಲಿಲ್ಲ. ಪೋಪರು ಕಳುಹಿಸಿದ ನಿಜವಾದ ದೂತನು ಬೇರೆ ಇದ್ದನು, ಅವನನ್ನು ಭಾರತದಲ್ಲಿ ಕೊಂದು, ಅವನಲ್ಲಿದ್ದ ಕಾಣಿಕೆಗಳನ್ನು ದೋಚಿಕೊಂಡು ಇವನು ಬಂದಿದ್ದಾನೆ ಎಂದು ದೂರು ಹುಟ್ಟಿಸಿದರು. ಹತ್ತಿರದಲ್ಲಿ ಸಾಕ್ಷಿ ಹೇಳುವವರು ಯಾರು? ಜೊತೆಗಾರ ಸಂನ್ಯಾಸಿ ಮೈಲಾಪುರದ ಮಣ್ಣಿನಲ್ಲಿ. ಈ ಅಪವಾದ ಐದು ವರ್ಷ ಕಾಡಿತು. ಕಡೆಗೆ ದೂರು ಕೊಟ್ಟವರ ಕಡೆಯವನೊಬ್ಬನೇ ನಿಜವನ್ನು ಒಪ್ಪಿಕೊಂಡಾಗ ಖಾನನಿಗೆ ಸತ್ಯ ತಿಳಿಯಿತು.

ಈ ತಾಪತ್ರಯಗಳ ನಡುವೆಯೇ ಅವರು ಆ ನಾಡಿನಲ್ಲಿ ಬಳಕೆಯಲ್ಲಿದ್ದ ತಾರ್ತರ ಭಾಷೆಯನ್ನು ಕಲಿತರು. ಬರಿಯ ಅಂಗಡಿಮಾತನ್ನಲ್ಲ, ಅದರ ಲಿಪಿಯನ್ನೂ ಕಲಿತು ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಆ ಭಾಷೆಗೆ ತಂದು, ಅಲ್ಲಿಯ ಅತಿ ಸುಂದರವಾದ ಬರವಣಿಗೆಯಲ್ಲಿ ಪ್ರತಿ ಮಾಡಿಸಿದರು. ಓದು ಬಾರದವರಿಗಾಗಿ ಬೈಬಲಿನ ಕಥೆಗಳ ಆರು ಚಿತ್ರಗಳನ್ನು ಬರೆಯಿಸಿ, ಅವುಗಳ ಕೆಳಗೆ ಮೂರು ಲಿಪಿಗಳಲ್ಲಿ ವಿವರಣೆ ಹಾಕಿಸಿದರು. ಒಂದು ತಮ್ಮ ಲ್ಯಾಟಿನ್, ಒಂದು ಪರ್ಷಿಯನ್, ಇನ್ನೊಂದು ಅಲ್ಲಿಯ ಜನರದು. ತಾಳೆಯ ಎಲೆಯಲ್ಲಿ ಗ್ರಂಥವನ್ನು ಕಾಣದಿದ್ದವರು ಇವರೇ ಏನು ಎನಿಸುತ್ತದೆ. ದಾರಿಹೋಕನಿಗೂ ಒಕ್ಕಲಾದವನಿಗೂ ಇರುವ ವ್ಯತ್ಯಾಸ ಇದು.

೧೨೯೯ರಲ್ಲಿ ಅವರ ಮೊದಲ ಇಗರ್ಜಿ ಪೂರ್ತಿಯಾಯಿತು. ಅದಕ್ಕೊಂದು ಗೋಪುರ, ಗೋಪುರದಲ್ಲಿ ಮೂರು ಗಂಟೆಗಳು. ಸುಮಾರು ಆರು ಸಾವಿರ ಜನರಿಗೆ ದೀಕ್ಷಾಸ್ನಾನ ಕೊಟ್ಟುದಾಗಿ ಅವರೇ ಲೆಕ್ಕ ಹೇಳುತ್ತಾರೆ. ಏಳರಿಂದ ಹನ್ನೊಂದು ವರ್ಷದೊಳಗಿನ ಹುಡುಗರನ್ನು ಒಬ್ಬೊಬ್ಬರನ್ನಾಗಿ ಹಣ ಕೊಟ್ಟು ಕೊಂಡು, ಸಾಕಿ, ಅವರಿಗೆ ಲ್ಯಾಟಿನ್ ಗ್ರೀಕ್ ಅಕ್ಷರಗಳನ್ನು ಕಲಿಸಿದರು. ಮಕ್ಕಳನ್ನು ಕೊಳ್ಳುವುದೆಂದರೇನು ಎಂದು ನಮ್ಮ ತಾಯಂದಿರ ಎದೆ ಝಲ್ಲೆನ್ನುವುದು ಸಹಜ. ನಮಗೂ ಅದು ಸೇರುವುದಿಲ್ಲ. ಮನುಷ್ಯರ ಮಾರಾಟ ಸಂತೆಯ ಮಾರಾಟದಂತೆಯೇ ನಡೆಯುತ್ತಿದ್ದ ಕಾಲ ಅದು. ಸಂನ್ಯಾಸಿಗಳೂ ಆ ಕಾಲದವರೇ ಆಗಿದ್ದರು ಎಂಬುದನ್ನು ಮರೆಮಾಚದೆ ಹೇಳಿಬಿಡುವುದು ಲೇಸು.

ಆ ಹುಡುಗರಿಗಾಗಿ ಜೊವಾನ್ನಿ ತಮ್ಮ ಕೈಯಿಂದಲೇ ಹಾಡಿನ ಪುಸ್ತಕಗಳನ್ನು ಬರೆದರು. ಹನ್ನೊಂದು ಹುಡುಗರು ಪೂಜೆಯ ಕ್ರಮವನ್ನು ಚೆನ್ನಾಗಿ ಕಲಿತರು. ಹೊತ್ತುಹೊತ್ತಿಗೆ ಗಂಟೆ ಬಾರಿಸಿ ಗುರುವೂ ಮಕ್ಕಳೂ ಸೇರಿ ಹಾಡುವರು. ಖಾನನಿಗೆ ಆ ಹಾಡು ಕೇಳುವುದೆಂದರೆ ಬಹಳ ಸಂತೋಷ. ಆದರೆ ಸ್ವರ ಹಾಕಿದ ಪುಸ್ತಕ ಒಂದೂ ಇರಲಿಲ್ಲ. ಗುರುವಿಗೆ ನೆನಪಿದ್ದ ಧಾಟಿಯೇ ಧಾಟಿ. ಕಿವಿಯಿಂದ ಕಿವಿಗೆ ದಾಟಿಸಿ ಹಾಡುತ್ತಿದ್ದರು.

೧೩೦೫ರ ಜನವರಿ ೮ರಂದು ಖಾನ್‌ಬಾಲಿಕ್ಕಿನಿಂದ ಅವರು ಬರೆದ ಕಾಗದದಿಂದಲೇ ಇದರಲ್ಲಿ ಬಹುಪಾಲು ನಮಗೆ ತಿಳಿದುಬಂದಿರುವುದು. ಹನ್ನೊಂದು ವರ್ಷ ಅವರು ಒಬ್ಬಂಟಿ; ಪಾಪನಿವೇದನೆ ಮಾಡಿಕೊಳ್ಳಲು ಇನ್ನೊಬ್ಬ ಗುರು ಇರಲಿಲ್ಲ. ಆಮೇಲೆ ಜರ್ಮನಿಯ ಕಡೆಯ ಆರ್ನಾಲ್ಡ್ ಎಂಬ ಸಂನ್ಯಾಸಿ ಬಂದು ಕೂಡಿಕೊಂಡರು. ರೋಮಿನಿಂದಾಗಲಿ, ತಮ್ಮ ಪಂಥದ ಮಠದಿಂದಾಗಲಿ ಸುದ್ದಿ ಬಂದು ಹನ್ನೆರಡು ವರ್ಷ. ಎರಡು ವರ್ಷದ ಹಿಂದೆ ಲೊಂಬಾರ್ದಿಯ ಕಡೆಯ ವೈದ್ಯನೊಬ್ಬನು ಬಂದು ಏನೇನೋ ಸಲ್ಲದ ಸುದ್ದಿ ಹಬ್ಬಿಸಿದ್ದ. ಅದರಲ್ಲಿ ನಿಜವೆಷ್ಟು ಎಂಬುದನ್ನಾದರೂ ಬರೆದು ತಿಳಿಸಿರಿ ಎಂದು ಕೇಳಿಕೊಳ್ಳುತ್ತಾರೆ. ನಾನು ಮುದುಕನಾದೆ, ತಲೆ ನರೆಯಿತು, ಅದು ವಯಸ್ಸಿನಿಂದಲ್ಲ, ದುಡಿಮೆಯಿಂದ, ನನಗೆ ಐವತ್ತೆಂಟೇ ವರ್ಷ ಎಂಬ ಅರ್ಥದಲ್ಲಿ ಬರೆಯುತ್ತಾರೆ.

ಇಂಥ ಮನುಷ್ಯರು ಊರಿನವರಿಂದ ಬೇಡಿದ್ದೇನು? ಹಣವನ್ನಲ್ಲ. ಸ್ವರ ಹಾಕಿದ ಹಾಡಿನ ಪುಸ್ತಕವನ್ನು, ಸಂತರ ಚರಿತ್ರೆಯನ್ನು, ಇನ್ನೊಂದೆರಡು ಪೂಜೆಯ ಪುಸ್ತಕಗಳನ್ನು. ಮಾದರಿಗೆ ಒಂದೊಂದು ಪ್ರತಿ ಬಂದರೆ ಸಾಕು, ನನ್ನ ಹುಡುಗರೇ ನೋಡಿ ಬರೆದುಕೊಳ್ಳುತ್ತಾರೆ ಎಂದರು. ಜೊತೆಗೆ, ಕಡಲ ದಾರಿ ಬಹು ದೂರ, ಎರಡು ವರ್ಷವಾದರೂ ಮುಟ್ಟುವುದು ಕಷ್ಟ. ಉತ್ತರದ ನೆಲದ ದಾರಿಯಾದರೆ ಐದಾರು ತಿಂಗಳಲ್ಲಿ ಬರಬಹುದು ಎಂದು ಬರುವವರಿಗೆ ದಾರಿಯನ್ನೂ ಹೇಳಿಕೊಟ್ಟರು.

ಇದೂ ೧೩೦೬ರ ಇನ್ನೊಂದು ಕಾಗದವೂ ಕೈಯಿಂದ ಕೈಗೆ ದಾಟಿ ಪಶ್ಚಿಮಕ್ಕೆ ಮುಟ್ಟಿದವು. ತೊಲೆಂತಿನೊ ಊರಿನ ತೊಮ್ಮಾಸೊ ಎಂಬ ಸಂನ್ಯಾಸಿ ಅವುಗಳ ಸುದ್ದಿಯನ್ನು ಐದನೆಯ ಕ್ಲೆಮೆಂಟ್ ಪೋಪರ ಸಭೆಯಲ್ಲಿ ಅರಿಕೆಮಾಡಿದರು. ೧೩೦೭ರಲ್ಲಿ ಪೋಪರು ಜೊವಾನ್ನಿಯವರನ್ನು ಖಾನ್‌ಬಾಲಿಕ್ಕಿನ ಆರ್ಚ್‌ಬಿಷಪ್ಪರನ್ನಾಗಿ ನೇಮಿಸಿದರು. ಆರ್ಚ್‌ಬಿಷಪ್ ಎಂದರೆ ಒಂದು ಸೀಮೆಯ ಬಿಷಪ್ಪರ ಮೇಲಿನ ಹಿರಿಯರು; ಶಾಖಾಮಠಗಳಿಗೆ ಮೂಲಮಠದ ಸ್ವಾಮಿಗಳಿದ್ದ ಹಾಗೆ. ಆ ಪಟ್ಟದ ವಿಧಿಯನ್ನು ನಡೆಯಿಸಲು, ಮುಂದೆ ಅವರ ಕೈಕೆಳಗೆ ಕೆಲಸ ಮಾಡಲು, ಏಳು ಬಿಷಪ್ಪರನ್ನು ಆರಿಸಿದರು. ಏಳು ಮಂದಿಯಲ್ಲಿ ಖಾನ್‌ಬಾಲಿಕ್ ಕಂಡವರು ಮೂವರೇ. ಮೂವರು ದಾರಿಯಲ್ಲಿ, ನಮ್ಮ ಭಾರತದ ನೆಲದಲ್ಲಿಯೇ ಪ್ರಾಣ ಬಿಟ್ಟರು.

ಇನ್ನು ಠಾಣೆಯ ವಿಷಯ. ಜೊವಾನ್ನಿಯವರ ಸುದ್ದಿಯನ್ನು ಪೋಪರಿಗೆ ಮುಟ್ಟಿಸಿದ ಆ ತೊಮ್ಮಾಸೊ ಕಡೆಗೆ ತಾವೇ ಚೀನಕ್ಕೆ ಹೊರಟರು. ಆಗ ಅವರೂ ಮುದುಕರು. ಹೊರ್ಮುಜ್ ಬಂದರಿನಲ್ಲಿ ಕೊಲ್ಲಂ ಕಡೆಗೆಂದು ಹಡಗು ಹಿಡಿದರೆ, ಗಾಳಿ ಅದನ್ನು ಠಾಣೆಗೆ ತಂದು ಹಾಕಿತು. ಜೊತೆಯಲ್ಲಿ ಪಾದುವದ ಜೇಮ್ಸ್, ಸಿಯೇನದ ಪೀಟರ್, ದುಭಾಷಿ ದೆಮೆತ್ರಿಯುಸ್. ಊರಿನಲ್ಲಿದ್ದ ಹದಿನೈದು ನೆಸ್ಟೋರಿಯನ್ ಮನೆಗಳಲ್ಲಿ ಒಂದರಲ್ಲಿ ಇಳಿದುಕೊಂಡರು. ಆ ಮನೆಯ ಗಂಡಹೆಂಡಿರ ಜಗಳ ನ್ಯಾಯಾಧಿಕಾರಿಯ ಮುಂದೆ ಹೋಯಿತು. ಅತಿಥಿಗಳು ಸಾಕ್ಷಿಗೆ ಬಂದರು. ಸಾಕ್ಷಿ ಕೇಳುವುದು ಹೋಗಿ ಧರ್ಮದ ವಾದವಾಯಿತು. ವಾದ ವಿಕೋಪಕ್ಕೆ ಹೋಗಿ, ೧೩೨೧ರ ಏಪ್ರಿಲಿನಲ್ಲಿ ನಾಲ್ವರೂ ಕೊಲೆಯಾದರು. ಪರಊರಿನಲ್ಲಿ ಆಡಿದ ಒಂದು ಮಾತು ಎಲ್ಲಿಗೆ ಮುಟ್ಟೀತು ಎಂಬುದು ಯಾರಿಗೆ ಗೊತ್ತು!

ಅವರೊಡನೆ ಬಂದಿದ್ದ ಜೊರ್ದಾನುಸ್ ಎಂಬ ಸಂನ್ಯಾಸಿ ಆಗ ಊರಲ್ಲಿರಲಿಲ್ಲ. ಸುದ್ದಿ ಕೇಳಿ ಹಿಂದಿರುಗಿ ದೇಹಗಳನ್ನು ಸೋಪಾರೆಯಲ್ಲಿ ಹೂಳಿದರು. ಜುನ್ನರದಿಂದ ನಾಣೆಘಾಟ ಇಳಿದು ವರ್ತಕರು ಎತ್ತುಗಳ ಮೇಲೆ ಹೇರು ಸಾಗಿಸುತ್ತಿದ್ದ ಹಳೆಯ ಬಂದರು ಅದು. ಮುಂದೆ ೧೩೨೯ರಲ್ಲಿ ಈ ಜೊರ್ದಾನುಸರೇ ಕೊಲ್ಲಂ ಊರಿನ ಬಿಷಪ್ ಆಗಿ ನೇಮಕಗೊಂಡರು. ಅಷ್ಟರೊಳಗೆ ಒದೊರಿಕೊ ಎಂಬ ಮತ್ತೊಬ್ಬ ಸಂನ್ಯಾಸಿ ಬಂದು, ಆ ಎಲುಬುಗಳನ್ನು ಗಂಟುಕಟ್ಟಿಕೊಂಡು, ಚೀನದ ಬಂದರಿನಲ್ಲಿದ್ದ ತಮ್ಮ ಪಂಥದ ಮಠಕ್ಕೆ ಒಯ್ದು ಒಪ್ಪಿಸಿದರು. ಅಲ್ಲಿಂದ ಖಾನ್‌ಬಾಲಿಕ್ಕಿಗೆ ಹೋಗಿ ಮೂರು ವರ್ಷ ಇದ್ದರು. ಜೊವಾನ್ನಿಯವರ ಮುಪ್ಪಿನ ದಿನಗಳವು. ತೊಮ್ಮಾಸೊ ಜೀವಸಹಿತ ಕಾಣದಿದ್ದ ಚೀನವನ್ನು ಅವರ ಎಲುಬುಗಳು ಸೇರಿದವು. ಡೆಕ್ಕನ್ ಕ್ವೀನಿನಲ್ಲಿ ಮುಂಬಯಿಗೆ ಹೋಗುವಾಗ ಠಾಣೆ ದಾಟುವುದು ಕ್ಷಣಮಾತ್ರದಲ್ಲಿ. ಒಮ್ಮೆ ಈ ಕಥೆಯನ್ನು ನೆನೆಯಬಹುದು.

ಜೊವಾನ್ನಿ ೧೩೨೮ರ ಸುಮಾರಿಗೆ ಖಾನ್‌ಬಾಲಿಕ್ಕಿನಲ್ಲಿಯೇ ಕಾಲವಾದರು. ಮುಂದೇನಾಯಿತು? ೧೩೩೩ರಲ್ಲಿ ಪೋಪರು ಇನ್ನೊಬ್ಬರನ್ನು ಆ ಪಟ್ಟಕ್ಕೆ ನೇಮಿಸಿದರು. ಅವರು ಆ ಊರು ಸೇರಿದ್ದಕ್ಕೆ ಆಧಾರವಿಲ್ಲ. ೧೩೩೬ರಲ್ಲಿ ಖಾನನ ಸೇವೆಯಲ್ಲಿದ್ದ ಆಲನ್ ಕುಲದ ಕ್ರೈಸ್ತ ಸರದಾರರು ಪೋಪರಿಗೆ ಬರೆದುಕೊಂಡರು: ನಮ್ಮ ಗುರು ತೀರಿಕೊಂಡು ಎಂಟು ವರ್ಷವಾಯಿತು, ನಮಗೆ ಹಿರಿಯರಿಲ್ಲ, ಯಾರನ್ನಾದರೂ ಕಳುಹಿಸಿರಿ. ಅದರ ಫಲವಾಗಿ ಮರಿಞ್ಞೊಲ್ಲಿ ಎಂಬ ದೂತರು ೧೩೪೨ರಲ್ಲಿ ಬಂದರು, ಮೂರು ನಾಲ್ಕು ವರ್ಷ ಇದ್ದು ಹಿಂದಿರುಗಿದರು. ೧೩೬೮ರಲ್ಲಿ ಮಿಂಗ್ ವಂಶದವರು ಮಂಗೋಲರನ್ನು ಓಡಿಸಿ ಪಟ್ಟಣವನ್ನು ಹಿಡಿದರು. ಗಂಟೆಗಳೂ ಗೋಪುರವೂ ತಾರ್ತರ ಭಾಷೆಯ ಆ ಸುಂದರ ಪುಸ್ತಕಗಳೂ ಏನೊಂದೂ ಉಳಿಯಲಿಲ್ಲ. ಗೋವೆಯಲ್ಲಿ ಇದ್ದು ಹೋದ ಮತ್ತೆಯೊ ರಿಚ್ಚಿ ೧೬೦೧ರಲ್ಲಿ ಅದೇ ಊರಿನಲ್ಲಿ ನೆಲೆಸಿದಾಗ ಎಲ್ಲವನ್ನೂ ಮೊದಲಿನಿಂದ ತೊಡಗಬೇಕಾಯಿತು.

ಹೀಗೇಕಾಯಿತು? ರಾಜ್ಯ ಬಿತ್ತು, ದಾರಿ ಮುಚ್ಚಿತು, ಯೂರೋಪಿನಲ್ಲಿ ಮಹಾಮಾರಿ ಹಬ್ಬಿ ಜನ ಸತ್ತರು. ಇವೆಲ್ಲವೂ ಕಾರಣಗಳೇ. ಆದರೆ ನಮಗೆ ಎದ್ದು ಕಾಣುವುದು ಆಲನ್ ಸರದಾರರ ಆ ಕಾಗದ. ಎಂಟು ವರ್ಷ ಗುರುವಿಲ್ಲದೆ ಇದ್ದವರು ಎರಡು ವರ್ಷದ ದಾರಿಯಾಚೆಯಿಂದ ಗುರು ಬರಲೆಂದು ಕಾದರು. ತಮ್ಮೊಳಗಿನವರೊಬ್ಬರನ್ನು ಆ ಪೀಠದಲ್ಲಿ ಕೂರಿಸುವ ಏರ್ಪಾಡು ಅಲ್ಲಿ ಇರಲಿಲ್ಲ. ಜೊವಾನ್ನಿ ಹುಡುಗರಿಗೆ ಹಾಡು ಕಲಿಸಿದರು. ಆದರೆ ಅವರಲ್ಲಿ ಯಾರೂ ಗುರುವಿನ ಸ್ಥಾನಕ್ಕೆ ಬಂದ ಸುದ್ದಿ ಚರಿತ್ರೆಯಲ್ಲಿ ಕಾಣುವುದಿಲ್ಲ. ಎಷ್ಟೇ ದೊಡ್ಡವರಾದರೂ ಒಬ್ಬರ ನೆನಪಿನ ಮೇಲೆ ನಿಂತ ಹಾಡು ಅವರೊಡನೆಯೇ ಹೋಗುತ್ತದೆ.

ಈ ಪಾಠವನ್ನು ಅವರ ಮಠದವರು ನಿಧಾನವಾಗಿ ಕಲಿತರು. ೧೬೩೭ರಲ್ಲಿ ಗೋವೆಯ ದಿವಾಡಿ ದ್ವೀಪದ ಮತ್ತೆಯುಸ್ ದ ಕಾಸ್ತ್ರೊ ಎಂಬವರನ್ನು ಬಿಷಪ್ಪರನ್ನಾಗಿ ಮಾಡಿ ನಮ್ಮ ವಿಜಾಪುರದ ಆದಿಲಶಾಹಿ ಸೀಮೆಗೆ ನೇಮಿಸಿದರು. ಪುಣೆಯೂ ಆಗ ಆ ರಾಜ್ಯಕ್ಕೇ ಸೇರಿತ್ತು. ೧೬೮೫ರಲ್ಲಿ ಲೋ ವೆನ್‌ತ್ಸಾವೊ ಎಂಬವರು ಚೀನೀಯರಲ್ಲಿ ಮೊದಲ ಬಿಷಪ್ ಆದರು. ಭಾರತದ ಗುರುಗಳನ್ನು ಇಲ್ಲಿಯೇ ತಯಾರುಮಾಡಬೇಕೆಂದು ಹದಿಮೂರನೆಯ ಲಿಯೊ ಪೋಪರು ೧೮೯೩ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ತೆರೆದ ಗುರುಮಠ ೧೯೫೫ರಲ್ಲಿ ನಮ್ಮ ಪುಣೆಗೇ ಬಂದಿತು. ನಗರ ರಸ್ತೆಯಲ್ಲಿ ಹೋಗಿಬರುವವರು ಆ ಕಟ್ಟಡವನ್ನು ನೋಡಿಯೇ ಇರುತ್ತಾರೆ. ಖಾನ್‌ಬಾಲಿಕ್ಕಿನ ಮುದುಕರು ಬೇಡಿದ ಪುಸ್ತಕಕ್ಕೆ ಆರು ನೂರು ವರ್ಷದ ತರುವಾಯ ಬಂದ ಉತ್ತರ ಅದು ಎನ್ನಬಹುದೇನೊ.

ನಮ್ಮ ವಾಚಕರಲ್ಲಿ ಹಲವು ಮತದವರಿದ್ದಾರೆ. ಮತಾಂತರದ ವಿಷಯದಲ್ಲಿ ಅವರವರ ಅಭಿಪ್ರಾಯ ಅವರವರಿಗೆ ಇರಲಿ. ಪರಊರಿನಲ್ಲಿ ನೆಲೆಸಿದವರಾಗಿ ನಾವು ಈ ಕಥೆಯಿಂದ ತೆಗೆದುಕೊಳ್ಳುವುದು ಎರಡು ಮಾತು. ಇರುವ ಊರಿನ ಭಾಷೆಯನ್ನು ಲಿಪಿಸಹಿತ ಕಲಿಯಬೇಕು. ಅದರಿಂದ ನಮ್ಮ ಭಾಷೆ ಸವೆಯುವುದಿಲ್ಲ. ಮೂರು ಲಿಪಿಗಳ ಚಿತ್ರವನ್ನು ಗೋಡೆಗೆ ತೂಗುಹಾಕಿದವರೇ ತಮ್ಮ ಹಾಡನ್ನು ಹೊತ್ತುಹೊತ್ತಿಗೆ ಹಾಡುತ್ತಿದ್ದರು. ಇದು ಒಂದು. ಇನ್ನೊಂದು, ನಮ್ಮದನ್ನು ಮುಂದೆ ನಡೆಯಿಸುವವರು ಧಾರವಾಡದಿಂದಲೋ ಬೆಂಗಳೂರಿನಿಂದಲೋ ಬರಲೆಂದು ಕಾಯಬಾರದು. ಹಬ್ಬದ ನಾಟಕಕ್ಕೆ ಊರಿನಿಂದ ಕಲಾವಿದರನ್ನು ಕರೆಯಿಸುವುದು ಸಂತೋಷವೇ. ಆದರೆ ಪುಣೆಯಲ್ಲಿಯೇ ಹುಟ್ಟಿದ ಮಗು ಆ ನಾಟಕದ ಪಾತ್ರವನ್ನು ಕನ್ನಡದಲ್ಲಿ ಓದಿ ಕಲಿಯಬಲ್ಲುದೆ ಎಂಬುದು ದೊಡ್ಡ ಪ್ರಶ್ನೆ. ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಆಡುತ್ತಾರೆ, ಓದಲಾರರು. ಅವರ ಕನ್ನಡವೆಲ್ಲ ಕಿವಿಯ ಕನ್ನಡ. ಅಜ್ಜಿಯ ನೆನಪಿನ ಧಾಟಿ. ಅಜ್ಜಿಯಿರುವ ತನಕ ಅದು ಸೊಗಸಾಗಿಯೇ ಇರುತ್ತದೆ.

ಜೊವಾನ್ನಿ ಹನ್ನೆರಡು ವರ್ಷ ಕಾದು ಕೇಳಿದ ಪುಸ್ತಕ ನಮ್ಮ ಮನೆಗಳಲ್ಲಿ ಕಪಾಟಿನಲ್ಲಿಯೇ ಇದೆ. ಈ ರಜೆಯಲ್ಲಿ ಅದನ್ನು ಕೆಳಗಿಳಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಿನಕ್ಕೊಂದು ಪುಟವನ್ನಾದರೂ ಓದಿಸೋಣ.